ಕುಂಕುಮ ಹತ್ತಿದ ಜಪಾನಿ ಕಾರ್ಡು

ಡಬ್ಲಿನ್ನಿನ ಅಂಚಿನ ಟಾಲಾದಲ್ಲಿ, ಸಾಲುಮನೆಗಳ ನಮ್ಮ ಎಸ್ಟೇಟಿನಲ್ಲಿ, ಆ ದಿನಗಳಲ್ಲಿ ಮಕ್ಕಳ ಗತ್ತು ಗೊತ್ತಾಗುತ್ತಿದ್ದುದು ಜೇಬಿನಲ್ಲಿದ್ದ ಕಾರ್ಡುಗಳಿಂದ. ವಿಚಿತ್ರ ಪ್ರಾಣಿಗಳ ಚಿತ್ರವಿದ್ದ, ಮಿರಿಮಿರಿ ಮಿಂಚುವ ಕಾರ್ಡುಗಳು. ಎಲ್ಲರ ಬಳಿಯೂ ಇಂಗ್ಲಿಷಿನವು. ನನ್ನ ಬಳಿ ಮಾತ್ರ ಒಂದು ಜಪಾನಿ ಭಾಷೆಯದಿತ್ತು. ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಟೋಕಿಯೊದಿಂದ ತಂದುಕೊಟ್ಟದ್ದು. ಅದನ್ನು ಓದಲು ಯಾರಿಗೂ ಬರುತ್ತಿರಲಿಲ್ಲ, ಅದಕ್ಕೇ ಅಷ್ಟು ಬೆಲೆ. ಅದರ ಹೊಸ ಬಣ್ಣದ ವಾಸನೆಯನ್ನು ದಿನಕ್ಕೆ ಹತ್ತು ಸಲ ಮೂಸುತ್ತಿದ್ದೆ.

ನನಗೆ ಸ್ನೇಹಿತರಿರಲಿಲ್ಲ. ಊಟದ ಬಿಡುವಿನಲ್ಲಿ ಗೋಡೆಗೊರಗಿ ಡಬ್ಬಿಯ ಚಿತ್ರಾನ್ನ ಬೇಗಬೇಗ ನುಂಗುತ್ತಿದ್ದೆ. ಒಂದು ಶುಕ್ರವಾರ ತರಗತಿಯ ಓರ್ಲಾ ತಾನಾಗಿಯೇ ಬಂದು ಕಾರ್ಡು ನೋಡಿದಳು.

"ಸೋಮವಾರ ಇದನ್ನ ನಂಗೆ ಕೊಡು. ಹ್ಯಾಲೋವೀನ್ ದಿನ ವೇಷ ಹಾಕ್ಕೊಂಡು ನಮ್ಮ ಜೊತೆ ಮನೆಮನೆಗೆ ಮಿಠಾಯಿ ಕೇಳೋಕೆ ಬರಬಹುದು," ಎಂದಳು.

ಆ ಭಾನುವಾರ ಆಯುಧಪೂಜೆ. ನರ್ಸಾಗಿದ್ದ ಅಮ್ಮ ಪಾಳಿ ಮುಗಿಸಿ ಬಂದವಳು ಮಲಗದೆ ಕಡಲೆ ಉಸ್ಲಿ ಮಾಡಿದ್ದಳು. ನಾನೆದ್ದು ಬರುವಷ್ಟರಲ್ಲಿ ದೇವರ ಮುಂದೆ ಅಪ್ಪನ ಕಾರಿನ ಕೀಲಿ, ಸ್ಕ್ರೂಡ್ರೈವರ್, ನನ್ನ ಪುಸ್ತಕಗಳು. ಎಲ್ಲದರ ಮೇಲೆ ನನ್ನ ಕಾರ್ಡು. ಅದರ ನಟ್ಟನಡುವೆ ಒದ್ದೆ ಕುಂಕುಮದ ದೊಡ್ಡ ಬೊಟ್ಟು.

"ನಿಂಗೆ ಎಲ್ಲಕ್ಕಿಂತ ಇಷ್ಟದ್ದು ಅದೇ ಅಲ್ವಾ ಪುಟ್ಟಿ, ಅದಕ್ಕೇ ಮೇಲಿಟ್ಟೆ," ಎಂದಳು ಅಮ್ಮ.

"ಯು ರೂಯಿನ್ಡ್ ಇಟ್. ಇನ್ಮೇಲೆ ನನ್ನ ಯಾವ ವಸ್ತೂ ಮುಟ್ಬೇಡ."

ಒರೆಸಿದಷ್ಟೂ ಕೆಂಪು ಹರಡಿತು. ಸೋಮವಾರ ಓರ್ಲಾ ಅದನ್ನು ತಿರುಗಿಸಿ ನೋಡಿ, "ಗ್ರ್ಯಾಂಡ್, ಪರವಾಗಿಲ್ಲ, ನೀನೇ ಇಟ್ಕೋ," ಎಂದು ಹೊರಟುಹೋದಳು. ಹ್ಯಾಲೋವೀನ್ ಸಂಜೆ ಅವಳ ಗುಂಪು ನಮ್ಮ ಮನೆಗೂ ಬಂತು. ಮೈದಾನದಲ್ಲಿ ಹಬ್ಬಕ್ಕೆಂದು ಹಚ್ಚಿದ ಬೆಂಕಿಯ ಹೊಗೆ ಬಾಗಿಲವರೆಗೆ ಬರುತ್ತಿತ್ತು. ಅವರ ಚೀಲಗಳಿಗೆ ಕಡಲೇಕಾಯಿ ಸುರಿದು, ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಮ್ಮ ಹತ್ತಿರ ಬಂದರೆ ಮುಖ ತಿರುಗಿಸಿದೆ.

ಆಮೇಲೆ ಪ್ರತಿ ವರ್ಷವೂ ಆಯುಧಪೂಜೆಯ ದಿನ ಅಮ್ಮ ಕುಂಕುಮದ ಬಟ್ಟಲು ಹಿಡಿದು ನನ್ನ ಕೋಣೆಯ ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು. "ಇದಕ್ಕೆ ಇಡ್ಲಾ?" ಸೈಕಲ್ಲಿಗೆ, ಲ್ಯಾಪ್‌ಟಾಪಿಗೆ, ಕೊನೆಗೆ ನನ್ನ ಮೊದಲ ಕಾರಿಗೂ ಹಾಗೆಯೇ ಕೇಳಿದಳು. ಪ್ರತಿ ಸಲವೂ ಬೇಡ ಎಂದೆ. ಸಿಟ್ಟು ಎಂದೋ ಹೋಗಿತ್ತು, ಬೇಡ ಎನ್ನುವುದು ಮಾತ್ರ ಅಭ್ಯಾಸವಾಗಿತ್ತು.

ಅಮ್ಮ ಹೋಗಿ ಎರಡು ವರ್ಷವಾಯಿತು. ಹಳೆಯ ಜಪಾನಿ ಕಾರ್ಡುಗಳಿಗೆ ಈಗ ಭಾರಿ ಬೇಡಿಕೆಯೆಂದು ಕೇಳಿ, ಹೋದ ತಿಂಗಳು ಡಬ್ಲಿನ್ನಿನ ಅಂಗಡಿಯೊಂದಕ್ಕೆ ಅದನ್ನು ಒಯ್ದಿದ್ದೆ. ಅಂಗಡಿಯವನು ಭೂತಗನ್ನಡಿಯಲ್ಲಿ ನೋಡಿ, ಕಲೆಯೊಂದಿಲ್ಲದಿದ್ದರೆ ಒಳ್ಳೆ ಬೆಲೆ ಬರುತ್ತಿತ್ತು ಎಂದ. ಕೊಡುವುದಕ್ಕಲ್ಲ ಎಂದು ವಾಪಸ್ಸು ತಂದೆ.

ನಿನ್ನೆ ಆಯುಧಪೂಜೆ. ಕುಂಕುಮ ಕಲಸಿಕೊಂಡು ಕಾರಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಈ ಸಲ ಹೂಂ ಎನ್ನುತ್ತಿದ್ದೆ. ಕೇಳುವವರಿರಲಿಲ್ಲ.