ಸದ್ದು ಮಾಡದ ಸೈಕಲ್

ಕೊಡಿಗೇನಹಳ್ಳಿ ಸುತ್ತ ಕುರಿಗಳಿಗೆ ಸೂಜಿ ಹಾಕುತ್ತ ತಿರುಗುತ್ತಿದ್ದ ಕಾಲದಲ್ಲಿ ನನಗಿದ್ದ ಒಂದೇ ಚಟ ಸೈಕಲ್. ಕಲ್ಲುದಾರಿಗೆಂದು ಮಧುಗಿರಿಯಲ್ಲಿ ದಪ್ಪ ಟೈರು ಆರಿಸಿದೆ, ಏರು ಹತ್ತಲು ಹಿಂದಿನ ಚಕ್ರಕ್ಕೆ ದೊಡ್ಡ ಫ್ರೀವೀಲ್ ಹಾಕಿಸಿದೆ, ಗಡಗಡ ಅನ್ನುತ್ತಿದ್ದ ಮಡ್‌ಗಾರ್ಡ್ ಕಿತ್ತೆಸೆದೆ. ಗಾಡಿ ಸದ್ದಿಲ್ಲದೆ ನುಣ್ಣಗೆ ಓಡಿತು.

ಮೊದಲ ದಿನವೇ ಮುದ್ದಕ್ಕನ ಕುರಿರೊಪ್ಪ ಖಾಲಿ. ಹಿಂಡು ಮೇಯಲು ಗುಡ್ಡಕ್ಕೆ ಹೋಗಿಯಾಗಿತ್ತು.

"ಸದ್ದಿಲ್ದಂಗೆ ಬಂದ್ಬುಟ್ರೆ ನಮಗೆ ಹೆಂಗೆ ಗೊತ್ತಾಯ್ತದೆ ಸಾಮಿ? ನಿಮ್ಮ ಗಡಗಡ ಕೆರೆ ಏರಿ ಮೇಲೆ ಕೇಳಿದ್ರೆ ತಾನೆ ನಾವು ಕುರಿ ತಡೆದು ನಿಲ್ಸೋದು!" ಎಂದು ಮುದ್ದಕ್ಕ ರೇಗಿದಳು.

ಇತ್ತ ಔಷಧಿ ಕೆಡದಿರಲೆಂದು ಡಬ್ಬಿಯಲ್ಲಿಟ್ಟಿದ್ದ ಐಸು ಕರಗುತ್ತಿತ್ತು. ಅವಳು ಹಿಂಡಿನ ಮುಂದೆ ನಡೆಯುವ ಟಗರಿಗೆ ಕಟ್ಟುವಂಥದ್ದೇ ಇನ್ನೊಂದು ಗಂಟೆ ತಂದು ಹ್ಯಾಂಡಲ್‌ಗೆ ಕಟ್ಟಿ, "ಗುಡ್ಡದ ತಾವ ಒಂದು ಸುತ್ತು ತುಳೀರಿ" ಅಂದಳು.

ತುಳಿದೆ. ಇಡೀ ಹಿಂಡು ನನ್ನ ಹಿಂದೆಯೇ ರೊಪ್ಪಕ್ಕೆ ಬಂತು. ಹೆಮ್ಮೆಯಿಂದ ಎಲ್ಲಕ್ಕೂ ಸೂಜಿ ಹಾಕಿದೆ.

ಮುಂದಿನ ವಾರ ಸಂತೆಯಲ್ಲಿ ಮುದ್ದಕ್ಕ ಸಿಕ್ಕಳು. "ಏನ್ ಮಾಡ್ಬುಟ್ರಿ ಸಾಮಿ! ಈಗ ನಮ್ಮ ಟಗರು ಗಂಟೆ ಅಲ್ಲಾಡ್ಸಿದ್ರೂ ಕುರಿಗಳು ದಿಕ್ಕಾಪಾಲಾಗಿ ಓಡ್ತವೆ!"

ಅಲ್ಲಿಂದಲೇ ಹೋಗಿ ಮಡ್‌ಗಾರ್ಡ್ ಹಾಕಿಸಿದೆ. ಹೊಸದು, ಸದ್ದೇ ಮಾಡಲಿಲ್ಲ. ಎರಡು ನಟ್ಟು ನಾನೇ ಸಡಿಲಿಸಿದೆ.