ಪೋಸ್ಟ್ ಅಜ್ಜಿ ತೋರಿಸಿದ ದಾರಿಗಳು

ಮಾರ್ಚ್ ತಿಂಗಳ ಕೊನೆಯಲ್ಲಿ ಒಂದು ಸಂಜೆ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನ ಆಫೀಸು ಮುಗಿಸಿ ನಮ್ಮೂರಿನ ಪುಟ್ಟ ಸ್ಟೇಷನ್ನಿನಲ್ಲಿ ಇಳಿದಾಗ ಗಾಳಿಯಲ್ಲಿ ಹೊಗೆಯ ವಾಸನೆಯಿತ್ತು. ತೊಗರಿ ಕಟ್ಟಿಗೆ ಸುಟ್ಟ ಹಾಗೆ, ಆದರೆ ಅದಕ್ಕಿಂತ ಸ್ವಲ್ಪ ಸಿಹಿ. ಊರಾಚೆಯ ಕುರುಚಲು ಬಯಲಿನಲ್ಲಿ ಹಳೆಯ ಪೊದೆಗಳನ್ನು ಪ್ರತಿ ವಸಂತದಲ್ಲೂ ಹೀಗೆ ಸುಡುತ್ತಾರೆ. ಬೂದಿಯೊಳಗಿಂದ ಎಳೆ ಚಿಗುರು ಬಂದು ಕುರಿಗಳಿಗೆ ಮೇವಾಗಲಿ ಎಂದು. ಪ್ಲಾಟ್‌ಫಾರ್ಮಿನ ಮೇಲೆ ಬ್ಯಾಗ್ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಈ ಹೊಗೆ ಏನೆಂದು ನನಗೆ ಮೊದಲು ಹೇಳಿದವರು ನೆನಪಾದರು...

ನಾವು ಗೋಥೆನ್‌ಬರ್ಗಿನ ಫ್ಲ್ಯಾಟ್ ಬಿಟ್ಟು ಈ ಊರಿಗೆ ಬಂದು ಆಗ ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ದಿಗಂತದಲ್ಲಿ ಹೊಗೆ ಎದ್ದದ್ದು ಕಂಡು, ಮಗಳ ಕೈ ಹಿಡಿದುಕೊಂಡು ಯಾವ ನಂಬರಿಗೆ ಫೋನ್ ಮಾಡಲಿ ಎಂದು ಬಾಗಿಲಲ್ಲಿ ತೊಳಲಾಡುತ್ತಿದ್ದೆ. ಪಕ್ಕದ ಮನೆಯ ಬೇಲಿಯ ಹತ್ತಿರ ಎತ್ತರದ ಮುದುಕಿಯೊಬ್ಬರು ಬಂದು, ಗಾಬರಿಯಾಗಬೇಡ, ಬೇಕೆಂದೇ ಸುಡುತ್ತಿದ್ದಾರೆ ಎಂದು ಸ್ವೀಡಿಷ್‌ನಲ್ಲೂ ಅರ್ಧಂಬರ್ಧ ಇಂಗ್ಲಿಷ್‌ನಲ್ಲೂ ಬಿಡಿಸಿ ಹೇಳಿದರು. ಅವರು ಮೂವತ್ತು ವರ್ಷ ಆ ಸುತ್ತಿನ ಹಳ್ಳಿಗಳಿಗೆಲ್ಲ ಟಪಾಲು ಹಂಚಿ ನಿವೃತ್ತರಾದವರು. ಮಗಳು ಅವರನ್ನು ಪೋಸ್ಟ್ ಅಜ್ಜಿ ಎಂದಳು. ಮನೆಯಲ್ಲಿ ಅದೇ ಹೆಸರು ನಿಂತಿತು.

ಒಂದು ವಾರ ಕಳೆದು ಅವರು ನಮ್ಮ ಬಾಗಿಲು ತಟ್ಟಿದರು. ಪಕ್ಕದಲ್ಲಿ ಒಂದು ಹಳೆಯ, ಆದರೆ ಚೆನ್ನಾಗಿ ಎಣ್ಣೆ ಬಿಟ್ಟ ರೇಸಿಂಗ್ ಸೈಕಲ್ಲು. ತಂಗಿಯದಂತೆ, ಸುಮ್ಮನೆ ಶೆಡ್ಡಿನಲ್ಲಿದೆ, ನೀನು ಓಡಿಸುತ್ತೀಯಾ ಎಂದು ಕೇಳಿದರು. ಗದಗಿನಲ್ಲಿ ಹೈಸ್ಕೂಲಿಗೆ ಲೇಡೀಸ್ ಸೈಕಲ್ ತುಳಿದುಕೊಂಡು ಹೋದದ್ದೇ ಕೊನೆ, ಆಮೇಲೆ ಮುಟ್ಟಿರಲಿಲ್ಲ. ಹಾಗೆಂದು ಹೇಳಿದೆ. ಮರೆತುಹೋಗುವಂಥದ್ದಲ್ಲ ಅದು ಎಂದರು. ಆ ಭಾನುವಾರವೇ ಶುರುವಾಯಿತು.

ಅವರ ಬಳಿ ಮೂರು ದಾರಿಗಳಿದ್ದವು. ಚರ್ಚಿನವರೆಗೆ ಹೋಗಿ ಬರುವ ಸಣ್ಣ ಸುತ್ತು, ಕಡಲಿನ ಕಡೆಯದು, ಮತ್ತೆ ಬಯಲನ್ನೆಲ್ಲ ಬಳಸಿ ಬರುವ ದೊಡ್ಡ ಸುತ್ತು. ನಕ್ಷೆಯೆಂಬುದೇ ಇರಲಿಲ್ಲ. ಪ್ರತಿ ತಿರುವಿನಲ್ಲೂ ಸಾಲಾಗಿ ನಿಲ್ಲಿಸಿದ ಟಪಾಲು ಪೆಟ್ಟಿಗೆಗಳೇ ಅವರ ಗುರುತು. ಇಲ್ಲಿ ಎಡಕ್ಕೆ, ಇದು ಬೀಜದ ಕ್ಯಾಟಲಾಗ್ ತರಿಸುವವನ ಮನೆ. ಮುಂದೆ ಬಲಕ್ಕೆ, ಇಲ್ಲಿ ಒಬ್ಬಳಿಗೆ ಹನ್ನೊಂದು ವರ್ಷ ಕೆನಡಾದಿಂದ ಕಾಗದ ಬರುತ್ತಿತ್ತು, ಒಂದು ದಿನ ನಿಂತುಹೋಯಿತು... ಹೀಗೆ ಹೇಳಿ ಮುಂದಿನದನ್ನು ಹೇಳದೆ ಪೆಡಲ್ ತುಳಿಯುತ್ತಿದ್ದರು. ಹೋಗುವಾಗ ಪಡುಗಾಳಿಗೆ ಎದೆ ಕೊಡು, ಬರುವಾಗ ಅದು ಬೆನ್ನು ತಳ್ಳಬೇಕು ಎಂಬುದು ಅವರಿಂದ ಕಲಿತದ್ದು. ಕುರಿಗಳು ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಸಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ, ನೇರ ಗೀಟು ಎಳೆದ ಹಾಗೆ ದಾಟುವುದನ್ನೂ ಅವರೇ ಕಲಿಸಿದರು.

ಮೊದಲ ಎರಡು ತಿಂಗಳು ಅವರು ಮುಂದೆ, ನಾನು ಹಿಂದೆ. ಆಮೇಲೆ, ದಾರಿ ನಿನಗೆ ಬಂತಲ್ಲ, ಇನ್ನು ನೀನು ಮುಂದೆ ಹೋಗು ಎಂದರು. ನನಗೆ ಹೆಮ್ಮೆಯಾಯಿತು. ಆ ಶರತ್ಕಾಲದಲ್ಲಿ ನನಗೊಂದು ಜಾಕೆಟ್ ಉಡುಗೊರೆ ಕೊಟ್ಟರು. ಕಣ್ಣು ಕುಕ್ಕುವ ಹಳದಿ. ನನ್ನ ಗಂಡ ಅದನ್ನು ನೋಡಿ, ವಿಮಾನ ಇಳಿಸೋಕೆ ಹೊಂಟೀಯೇನು ಎಂದು ತಮಾಷೆ ಮಾಡಿದರು. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಏಕವಚನವೇ. ನಾನೂ ಪೋಸ್ಟ್ ಅಜ್ಜಿಯನ್ನು ಬಾಯಲ್ಲಿ ಹಾಗೆಯೇ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಯಾವಾಗಲೂ ನೀವು. ತಾಯಿಯನ್ನು ಕಳೆದುಕೊಂಡ ಮೇಲೆ, ನನಗಿಂತ ಹಿರಿಯ ಹೆಂಗಸೊಬ್ಬಳು ವಾರಕ್ಕೊಮ್ಮೆ ನನಗಾಗಿ ಕಾಯುವುದು ನಿಂತೇ ಹೋಗಿತ್ತು. ಅದು ಮತ್ತೆ ಶುರುವಾಗಿತ್ತು.

ಈಗ ಯೋಚಿಸಿದರೆ ಎಷ್ಟೋ ಸಣ್ಣ ಸಂಗತಿಗಳು ಕಣ್ಣಿಗೆ ಕಟ್ಟುತ್ತವೆ. ಕನ್ನಡಕ ಮರೆತೆ ಎಂದು ಕೊಮ್ಯೂನ್, ಅಂದರೆ ಪುರಸಭೆಯ, ಕಚೇರಿಯಿಂದ ಬಂದ ಕಾಗದಗಳನ್ನು ನನ್ನಿಂದಲೇ ಓದಿಸುತ್ತಿದ್ದರು, ನನ್ನ ತಪ್ಪು ಉಚ್ಚಾರಣೆಯಲ್ಲೇ. ಕಾರು ಮಾರಿಬಿಟ್ಟಿದ್ದರು. ಕಾಫಿ ಸುರಿಯುವಾಗ ಕಪ್ಪಿನ ಅಂಚಿಗೆ ಒಂದು ಬೆರಳು ತಾಗಿಸಿಕೊಂಡಿರುತ್ತಿದ್ದರು. ವಯಸ್ಸಾದವರು ಎಂದುಕೊಂಡಿದ್ದೆ, ಅಷ್ಟೆ.

ಎರಡನೆಯ ವರ್ಷದ ಆಗಸ್ಟ್. ಬಯಲಿನ ಪೊದೆಗಳಲ್ಲಿ ಹೂ ಬಿಡಲು ಶುರುವಾಗಿತ್ತು, ಇನ್ನೂ ಪೂರ್ತಿ ಬಣ್ಣ ತಿರುಗಿರಲಿಲ್ಲ. ಅಂದು ದೊಡ್ಡ ಸುತ್ತು ಹೊರಟಿದ್ದೆವು. ಅರ್ಧ ದಾರಿಯಲ್ಲಿ ಬಿಸಿಲು ಜೋರಾಯಿತು. ಒಂದು ಏರಿನ ನೆತ್ತಿಯಲ್ಲಿ ಅವರು ಬರುವ ಮೊದಲೇ ನಿಂತು, ಜಾಕೆಟ್ ತೆಗೆದು ಚೀಲಕ್ಕೆ ತುರುಕಿದೆ. ಒಳಗೆ ಕಂದು ಬಣ್ಣದ ಅಂಗಿ. ಅವರ ಸೈಕಲ್ಲಿನ ಸದ್ದು ಹತ್ತಿರವಾದೊಡನೆ ಮತ್ತೆ ಇಳಿಜಾರಿನಲ್ಲಿ ಹೊರಟೆ. ಕೆಳಗೆ ಸರಳುಗಳನ್ನು ದಾಟಿ ಸ್ವಲ್ಪ ದೂರ ಹೋಗಿರಬೇಕು, ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳಿಸಿತು.

ಅವರು ಸರಳುಗಳ ಅಂಚಿನ ಕಂಬಕ್ಕೆ ಹೊಡೆದುಕೊಂಡು ರಸ್ತೆಯ ಮಧ್ಯಕ್ಕೆ ಬಿದ್ದಿದ್ದರು. ಹಿಂದೆಯೇ ಬರುತ್ತಿದ್ದ ಹುಲ್ಲಿನ ಟ್ರ್ಯಾಕ್ಟರ್ ಒಂದು ಮಾರು ದೂರದಲ್ಲಿ ನಿಂತಿತ್ತು. ಓಡಿಸುತ್ತಿದ್ದವನ ಮುಖ ಬಿಳುಚಿಹೋಗಿತ್ತು. ನಾನು ಓಡಿಹೋಗಿ ಅವರ ಮುಂದೆ ಮಂಡಿಯೂರಿದೆ. ಅವರು ನನ್ನ ಮುಖದ ಪಕ್ಕದಲ್ಲಿ ಎಲ್ಲೋ ನೋಡುತ್ತಾ ಕೇಳಿದರು:

“ನಿನ್ನ ಜಾಕೆಟ್ ಎಲ್ಲಿ?”

ಭುಜದ ಕಾಲರ್ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿದ ಮೇಲೆ, ಅವರೇ ನಿಧಾನವಾಗಿ ಹೇಳಿದರು. ನಾವು ಬರುವ ಮೊದಲೇ ಕಣ್ಣಿನ ನಡುಭಾಗ ಹೋಗತೊಡಗಿತ್ತಂತೆ. ನೇರ ನೋಡಿದರೆ ಒಂದು ಬೂದು ಕಲೆ; ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತದೆ. ಕಣ್ಣು ಕುಕ್ಕುವ ಬಣ್ಣವೊಂದು ಮುಂದೆ ಹೋಗುತ್ತಿದ್ದರೆ ಅದರ ಹಿಂದೆ ಹೋಗಬಹುದು. ದಾರಿಯಂತೂ ಮೈಯಲ್ಲೇ ಇತ್ತು.

ಒಂದೂವರೆ ವರ್ಷ, ಲಾರಿಗಳು ಓಡಾಡುವ ರಸ್ತೆಯಲ್ಲಿ, ನನಗೆ ಗೊತ್ತಿಲ್ಲದೆಯೇ ಒಬ್ಬರ ಜೀವವನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದ್ದೆ. ಹೆಚ್ಚು ಚುಚ್ಚಿದ್ದು ಇನ್ನೊಂದು. ಕೇಳಿಯೇಬಿಟ್ಟೆ.

“ಅದಕ್ಕೇನಾ ನನಗೆ ಸೈಕಲ್ ಕೊಟ್ಟಿದ್ದು?”

ಅವರು ಹೌದೆಂದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮುಚ್ಚಿಡಲು ಮಾತ್ರ ಬರುತ್ತಿತ್ತು.

ನಾನು ಅವರ ಬಳಿ ಹೋಗುವುದು ಬಿಟ್ಟೆ. ಜಗಳವೇನೂ ಆಗಲಿಲ್ಲ. ಬೇಲಿಯಾಚೆ ಕಂಡರೆ ಕೈಯೆತ್ತುತ್ತಿದ್ದೆ. ಅದು ಅವರಿಗೆ ಕಾಣುವುದಿಲ್ಲವೆಂದು ಹೊಳೆದು ಕೈ ಇಳಿಸುತ್ತಿದ್ದೆ. ಆಗಸ್ಟ್ ಹೋಯಿತು, ಚಳಿಗಾಲ ಬಂತು. ಒಂದು ದಿನ ಅನ್ನ ಬಡಿಸುತ್ತಿದ್ದಾಗ ನನ್ನ ಗಂಡ ತಲೆಯೆತ್ತದೆ ಅಂದರು:

“ಅವರಿಗೆ ನೀ ಬೇಕಾಗಿದ್ದಿ. ಒಬ್ಬರಿಗೆ ಒಬ್ಬರು ಬೇಕಾಗೋದು ತಪ್ಪೇನು?”

ಹೇಳದೆ ಇದ್ದದ್ದು ತಪ್ಪು ಎಂದು ಮನಸ್ಸಿನಲ್ಲೇ ವಾದ ಮಾಡಿದೆ. ಅದು ಈಗಲೂ ತಪ್ಪೇ. ಆದರೆ ಅಷ್ಟು ದಿನ ನಾನು ಆ ಒಂದು ತಪ್ಪನ್ನೇ ಹಿಡಿದುಕೊಂಡು ಕೂತಿದ್ದೆ...

ಏಪ್ರಿಲ್‌ನಲ್ಲಿ ಅವರೇ ಬಂದರು. ಒಂದು ಕೈ ಬೇಲಿಯ ಮೇಲೆ ಜಾರಿಸುತ್ತಾ, ಇನ್ನೊಂದು ಕೈಯಲ್ಲಿ ಬಿಳಿ ಕೋಲು ಹಿಡಿದು. ಒಳಗೆ ಕರೆದರೂ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತೇ, ಮೊದಲೇ ಯೋಚಿಸಿಕೊಂಡು ಬಂದವರಂತೆ ಹೇಳಿದರು:

“ಮೊದಲ ದಿನ ನಿನ್ನ ಬಾಗಿಲು ತಟ್ಟಿದ್ದು ನನ್ನ ಕಣ್ಣಿಗೋಸ್ಕರ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಹಾಗೇನೂ ಉಳಿದಿರಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಿದರೆ ನೀನು ಬರುವುದಿಲ್ಲ ಅಂತ ಹೆದರಿದೆ.”

ಅಷ್ಟು ಹೇಳಿ ಹೋಗಲು ತಿರುಗಿದರು. ನಾನು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಬಂದೆ. ಅವಲಕ್ಕಿ ಒಗ್ಗರಣೆ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡರು.

ಆ ಬೇಸಿಗೆಗೆ ಪಕ್ಕದೂರಿನ ಸೈಕಲ್ ಕ್ಲಬ್ಬಿನಿಂದ ಇಬ್ಬರು ತುಳಿಯುವ ಉದ್ದನೆಯ ಸೈಕಲ್ ತಂದೆವು. ಮುಂದೆ ನಾನು, ಹಿಂದೆ ಅವರು. ಮೊದಲ ದಿನ ಎರಡು ಸಲ ಬೇಲಿಗೆ ಗುದ್ದಿದೆವು. ಮಗಳು ಅಂಗಳದಲ್ಲಿ ನಿಂತು ಬಿದ್ದುಬಿದ್ದು ನಕ್ಕಳು. ಆಮೇಲೆ ಲಯ ಸಿಕ್ಕಿತು. ಚಕ್ರದ ಸದ್ದಿನಿಂದಲೇ ಅವರಿಗೆ ರಸ್ತೆ ತಿಳಿಯುತ್ತಿತ್ತು. ಈಗ ಸೇತುವೆ, ಈಗ ಬಲಗಡೆ ಪೈನ್ ಮರಗಳು, ಈಗ ಸರಳು, ಬ್ರೇಕ್ ಬಿಡು ಎಂದು ಹಿಂದಿನಿಂದ ಹೇಳುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ.

ಆಗಸ್ಟ್ ಬಂತು. ಬಯಲಿನ ಉತ್ತರದ ತುದಿಯಲ್ಲಿ ಅವರು ನಿಲ್ಲಿಸು ಎಂದರು. ಬಣ್ಣ ಬಂದಿದೆಯಾ ಎಂದು ಕೇಳಿದರು. ಬಂದಿತ್ತು, ಕಣ್ಣು ಹೋಗುವಷ್ಟು ದೂರ, ಗುಡ್ಡದಿಂದ ಗುಡ್ಡಕ್ಕೆ. ನನ್ನ ಸ್ವೀಡಿಷ್‌ನಲ್ಲಿ ನೇರಳೆ ಎಂಬ ಒಂದೇ ಪದವಿತ್ತು. ಅದನ್ನು ಹೇಳಿ, ಸಾಲದೆನಿಸಿ, ನಮ್ಮ ಗದಗಿನ ಸಂತೆಯಲ್ಲಿ ಎಳೆ ಬದನೆಕಾಯಿ ರಾಶಿ ಹಾಕಿ ಮೇಲೆ ನೀರು ಚಿಮುಕಿಸಿದ ಹಾಗೆ ಎಂದೆ. ಅವರು ನಗಲಿಲ್ಲ, ಇನ್ನೂ ಹೇಳು ಎಂದರು. ನೆರಳು ಬಿದ್ದ ಕಡೆ ಕಪ್ಪಗಿದೆ, ಕುರಿ ಮೇಯ್ದ ಕಡೆ ತೇಪೆ ಹಚ್ಚಿದಂತಿದೆ ಎಂದೆ. ಗಾಳಿಯ ಕಡೆ ಮುಖ ಮಾಡಿ ಕೇಳಿಸಿಕೊಳ್ಳುತ್ತಿದ್ದವರು, ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದರು:

“ಹೋದ ವರ್ಷ ಕಣ್ಣಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಕಾಣುತ್ತಿತ್ತು.”

ಹೋದ ವರ್ಷ ಹೂ ನೋಡಿದಿರಾ ಎಂದು ಕೇಳಿದೆ. ಇಲ್ಲ, ತೋಳಿಗೆ ಕಟ್ಟಿತ್ತಲ್ಲ, ಒಬ್ಬಳೇ ಹೊರಗೆ ಹೋಗುವ ಧೈರ್ಯವಾಗಲಿಲ್ಲ ಎಂದರು. ಆಮೇಲೆ, ಹೊರಡೋಣ, ಗಾಳಿ ತಿರುಗುತ್ತಿದೆ ಎಂದರು.

ಇನ್ನೊಂದು ಬೇಸಿಗೆ ನಾವು ಹಾಗೆಯೇ ತುಳಿದೆವು. ಮುಂದಿನ ಜನವರಿಯಲ್ಲಿ, ನಾನು ತಮ್ಮನ ಮದುವೆಗೆಂದು ಗದಗಿಗೆ ಹೋಗಿದ್ದಾಗ, ನಿದ್ದೆಯಲ್ಲೇ ಹೋದರು. ಸುದ್ದಿ ಕೇಳಿ, ಮುಖವನ್ನೂ ನೋಡಲಾಗಲಿಲ್ಲವಲ್ಲ ಎಂದು ಅತ್ತೆ. ಆದರೆ ಇಲ್ಲಿ ಮಣ್ಣು ಮಾಡುವುದು ಮೂರು ನಾಲ್ಕು ವಾರ ಬಿಟ್ಟು. ವಾಪಸು ಬಂದು ಹತ್ತು ದಿನಕ್ಕೆ ಚರ್ಚಿನಲ್ಲಿ ನಿಂತು ಪೆಟ್ಟಿಗೆಯ ಮೇಲೆ ನಾನೂ ಒಂದು ಹೂವಿಟ್ಟೆ. ಅವರ ತಂಗಿ ನನ್ನ ಕೈ ಹಿಡಿದು, ಫೋನಿನಲ್ಲಿ ಅಕ್ಕ ನಿನ್ನ ಮಾತು ಬಹಳ ಆಡುತ್ತಿದ್ದಳು ಎಂದರು.

ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಸಣ್ಣ ಮಗುವಿದೆ, ಬೆಳಿಗ್ಗೆ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಡುವ ಗಡಿಬಿಡಿ ಬೇಲಿಯಾಚೆ ಕೇಳಿಸುತ್ತದೆ. ಒಳ್ಳೆಯ ಜನ. ಭಾನುವಾರ ನಾನು ಒಬ್ಬಳೇ ದೊಡ್ಡ ಸುತ್ತು ಹೋಗಿ ಬರುತ್ತೇನೆ. ಮಾರ್ಚ್‌ನಲ್ಲಿ ಹೋಗುತ್ತೇನೆ, ಮಳೆಯಲ್ಲಿ ಹೋಗುತ್ತೇನೆ. ಆಗಸ್ಟ್‌ನಲ್ಲಿ ಮಾತ್ರ ಕಾಲು ಹಿಂಜರಿಯುತ್ತದೆ. ಬಿದ್ದ ಆ ವರ್ಷ, ಹೂ ನೋಡಲು ಅವರಿಗೆ ಸೈಕಲ್ಲೂ ಬೇಕಿರಲಿಲ್ಲ, ಜಾಕೆಟ್ಟೂ ಬೇಕಿರಲಿಲ್ಲ. ಯಾರಾದರೂ ಕೈ ಹಿಡಿದು ನಡೆಸಿಕೊಂಡು ಹೋಗಿದ್ದರೆ ಸಾಕಿತ್ತು. ನಮ್ಮ ಮನೆಯಿಂದ ಬಯಲಿನ ಅಂಚಿಗೆ ಐದು ನಿಮಿಷದ ದಾರಿ.