ಹರೀಬ್ಯಾಡ್ರೋ, ಬಿಡಿಸ್ರೋ!

ನ್ಯಾಮತಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಇಡೀ ಬೀದಿಗೇ ಅತ್ತೆ. ಯಾವ ಸಮಾರಂಭಕ್ಕೆ ಹೋದರೂ ಊಟದ ಪಂಕ್ತಿ ಬಿಟ್ಟು ಉಡುಗೊರೆಗಳ ಪಕ್ಕ ಕೂರುತ್ತಿದ್ದರು. ಯಾರಾದರೂ ಪೊಟ್ಟಣಕ್ಕೆ ಕೈಹಾಕಿದರೆ ಸಾಕು, “ಹರೀಬ್ಯಾಡ್ರೋ, ಬಿಡಿಸ್ರೋ!” ಎಂದು ಕೂಗಿ, ತಾವೇ ಉಗುರಿನಿಂದ ಟೇಪು ಎಬ್ಬಿಸುತ್ತಿದ್ದರು. ಹೂವಿನದು, ಚುಕ್ಕಿಯದು, ನವಿಲಿನದು, ಆ ಬಣ್ಣದ ಕಾಗದಗಳೆಲ್ಲ ಹಾಸಿಗೆಯಡಿ ಮಲಗಿ ಸುಕ್ಕು ಕಳೆದುಕೊಂಡು ಥ್ಯಾಂಕ್ಯೂ ಕಾರ್ಡುಗಳಾಗುತ್ತಿದ್ದವು. ಹಾಲಿನವನಿಗೆ, ಲೈನ್‌ಮನ್‌ಗೆ, ಓಡಿ ಬಂದವರಿಗಾಗಿ ಸವಳಂಗದ ಬಸ್ಸು ನಿಲ್ಲಿಸಿದ ಕಂಡಕ್ಟರಿಗೂ ಸಿಕ್ಕಿತ್ತು. ನನಗೆ ಮಾತ್ರ ಇಲ್ಲ.

“ನನಗ್ಯಾವಾಗ ಅತ್ತೆ?”

“ನನ್ನ ಅಣಕಿಸೋದು ಬಿಟ್ರೆ ನೀನೇನ್ ಮಾಡೀಯೋ?”

ನಿಜವೇ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಅವರ ಮೊಮ್ಮಗಳ ನಾಮಕರಣದ ದಿನವೇ ಅತ್ತೆಯ ಗಂಟಲು ಕಟ್ಟಿತು. ಅಡುಗೆಗೆ ನೆರವಾದ ಹೆಂಗಸರಿಗೆಲ್ಲ ಅವತ್ತಿನ ಕಾಗದದಲ್ಲೇ ಕಾರ್ಡು ಮಾಡುವ ಆಸೆ ಅವರಿಗೆ. ಮಕ್ಕಳ ದಂಡು ಉಡುಗೊರೆಗಳ ಮೇಲೆ ಬಿದ್ದಾಗ ಅತ್ತೆ ಕೂಗಲು ಬಾಯಿ ತೆರೆದರು, ಬರೀ ಗಾಳಿ ಬಂತು. ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು ಸೊಂಟಕ್ಕೆ ಕೈಕೊಟ್ಟು ಅವರದೇ ದನಿಯಲ್ಲಿ ಕೂಗಿದೆ: “ಹರೀಬ್ಯಾಡ್ರೋ, ಬಿಡಿಸ್ರೋ!”

ಅಷ್ಟೂ ಕೈಗಳು ಗಕ್ಕನೆ ನಿಂತವು. ಒಳಗಿನಿಂದ ಅತ್ತೆಯ ಗಂಡ, “ಆತು ಕಣೇ, ಹರಿಯಲ್ಲ” ಎಂದರು.

ಗಂಟಲು ಸರಿಹೋದ ಮೇಲೆ ಅತ್ತೆ ನನಗೂ ಒಂದು ಕಾರ್ಡು ಕೊಟ್ಟರು. ಮೇಲೆಲ್ಲ ಹಸಿರು ಗಿಳಿಗಳು. ತೆರೆದರೆ ಒಳಗಿಂದ ದೊಡ್ಡ ಬಾಯೊಂದು ಎದ್ದು ನಿಂತಿತು, ನನ್ನ ಉಬ್ಬುಹಲ್ಲಿನ ಸಮೇತ.

“ಅತ್ತೆ, ನನ್ನ ಹಲ್ಲು ಇಷ್ಟು ಉದ್ದ ಐತಾ?”

“ಅಣಕಿಸಾಕೆ ನಿನಗೊಬ್ಬನಿಗೇ ಬರ್ತೈತೆ ಅನ್ಕೊಂಡಿದ್ಯೇನೋ?”